ಮಾಗಳದಲ್ಲಿ ಒಂದು ದಿನ

ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು ಮಾಗಳದ ಸೂರ್ಯನಾರಾಯಣ ದೇವಾಲಯವನ್ನು ಮೊದಲು ಕಂಡದ್ದು ಪುಸ್ತಕವೊಂದರಲ್ಲಿ. ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ ಎಂಬುವರು ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತು ಬರೆದ ಆ ಗ್ರಂಥವು 1896ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಬಳ್ಳಾರಿ ಸೀಮೆಯು 1953ರವರೆಗೆ ಮದರಾಸಿಗೆ ಸೇರಿದ್ದುದರಿಂದ ನಮ್ಮ ಗುಡಿಗಳ ನಕ್ಷೆಗಳು ಅದರಲ್ಲಿವೆ. ಸಮುದ್ರದಾಚೆಯಿಂದ ಬಂದವರು ಅಳೆದು ಬರೆದುಕೊಂಡದ್ದನ್ನು ಪಕ್ಕದಲ್ಲಿಯೇ ಇದ್ದ ನಾನು ನೋಡಿಯೇ ಇಲ್ಲವಲ್ಲ ಎಂದು ನಾಚಿಕೆಯಾಗಿ, ಒಂದು ಭಾನುವಾರ ಹೊರಟೆ.

ಹೂವಿನ ಹಡಗಲಿಯಲ್ಲಿ ಬಸ್ಸಿಗೆ ಕಾಯುವಾಗ ಮಲ್ಲಿಗೆಯ ಬುಟ್ಟಿಗಳು ಬಂದಿಳಿದವು. ಅರಳಿದ ಹೂವಿಗೆ ಬೆಲೆಯಿಲ್ಲ. ಮೊಗ್ಗಿರುವಾಗಲೇ, ಬಿಸಿಲೇರುವ ಮುನ್ನ ಬಿಡಿಸಬೇಕು. ಒಗ್ಗರಣಿ ಮಿರ್ಚಿ ತಿಂದು ಬಸ್ಸು ಹತ್ತಿದೆ.

ಮಾಗಳವು ಹಡಗಲಿಗೆ ಪಶ್ಚಿಮದಲ್ಲಿ, ತುಂಗಭದ್ರೆಯ ಕಡೆಗಿರುವ ಊರು. ಹಳೆಯ ಮಾಳಿಗೆ ಮನೆಗಳು ನನ್ನ ಕಣ್ಣು ಸೆಳೆದವು. ತೊಲೆ, ಜಂತೆಗಳ ಮೇಲೆ ಮಣ್ಣು ಹೊದಿಸಿ, ಮೇಲ್ಪದರಕ್ಕೆ ಚೌಳು ಮಣ್ಣು ಹಾಕುತ್ತಾರೆ. ಮಳೆ ಬಿದ್ದರೆ ಅದು ಬಿಗಿದುಕೊಂಡು ನೀರನ್ನು ಒಳಗೆ ಬಿಡುವುದಿಲ್ಲ. ಈಗ ಸಿಮೆಂಟಿನ ಮನೆಗಳೇ ಹೆಚ್ಚು. ಬೇಸಿಗೆಗೆ ಮಾಳಿಗೆಯೇ ಲೇಸೆಂದು ನನ್ನ ಅಭಿಪ್ರಾಯ.

ಗುಡಿಯು ಕಲ್ಯಾಣ ಚಾಲುಕ್ಯರ ಕಾಲದ್ದು. ಬಾದಾಮಿಯವರು ಮರಳುಗಲ್ಲಿನಲ್ಲಿ ಕಟ್ಟಿದರೆ, ಇವರ ಕಾಲಕ್ಕೆ ಶಿಲ್ಪಿಗಳು ಬಳಪದ ಕಲ್ಲನ್ನು ಹಿಡಿದರು. ಅದು ಉಳಿಗೆ ಮೆತ್ತಗೆ. ಗಾಳಿಗೆ ಬಿದ್ದು ದಿನ ಕಳೆದಂತೆ ಗಟ್ಟಿಯಾಗುತ್ತದೆ. ಆದುದರಿಂದಲೇ ಬಾಗಿಲುವಾಡದ ಪಟ್ಟಿಕೆಗಳಲ್ಲಿ ಅಕ್ಕಸಾಲಿಗನ ಕೆಲಸದಷ್ಟು ನಯ ಸಾಧ್ಯವಾಯಿತು. ಕಂಬಗಳನ್ನು ಚರಕಿಗೆ ಹಾಕಿ ಕಡೆದಿದ್ದಾರೆ. ಅವುಗಳ ಬಳೆಯಂಥ ಅಂಚುಗಳ ಮೇಲೆ ಬೆರಳಾಡಿಸಿದೆ. ಇಷ್ಟು ಶತಮಾನಗಳಾದರೂ ಮೊಂಡಾಗಿಲ್ಲ. ರೀಯವರ ನಕ್ಷೆಯಲ್ಲಿ ಈ ತಂಪು ಎಲ್ಲಿಂದ ಬರಬೇಕು! ಒಂದು ಗಂಟೆ ಸುಮ್ಮನೆ ಕುಳಿತೆ.

ಮರಳುವಾಗ ಹಾದಿಯ ಪಕ್ಕದಲ್ಲಿ ಅರ್ಧ ಹೂತ ಶಾಸನದ ಕಲ್ಲೊಂದು ಕಂಡಿತು. ನಾನು ಬಗ್ಗಿ ಧೂಳು ಒರೆಸುತ್ತಿದ್ದಾಗ, ಎಮ್ಮೆ ಹೊಡೆದುಕೊಂಡು ಬಂದ ಮುದುಕಿಯೊಬ್ಬಳು ನಿಂತಳು.

“ಕಾಲೇಜಿನಾಗ ಓದತೀ ಏನಪ್ಪಾ?”

“ಹೌದಜ್ಜೀ, ಇತಿಹಾಸ.”

“ಹಂಗಾರ ಓದಿ ಹೇಳು, ಏನು ಬರದೈತಿ. ಸಣ್ಣಾಕಿದ್ದಾಗಿಂದ ನೋಡೇ ನೋಡತೀನಿ, ಯಾರೂ ಹೇಳವಲ್ರು.”

ಮೊದಲಿನ ‘ಸ್ವಸ್ತಿ’ ಎಂಬುದನ್ನು ಓದಿದೆ. ಮುಂದೆ ಗ, ಮ, ರ ಎಂದು ಬಿಡಿ ಅಕ್ಷರಗಳು ಸಿಕ್ಕವೇ ಹೊರತು ಮಾತು ಕೂಡಲಿಲ್ಲ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತ ಶಕವಾಗುತ್ತದೆಂಬುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಕೂಡಿಸಬೇಕಾದ ಸಂಖ್ಯೆಯೇ ಕಲ್ಲಿನಲ್ಲಿ ನನಗೆ ಸಿಗಲಿಲ್ಲ. ಬರದು ಅಜ್ಜೀ, ಎಂದೆ.

ಅವಳು ನಗಲಿಲ್ಲ. ಕಲ್ಲಿನ ನೆತ್ತಿಯ ಮೇಲಿನ ಸೂರ್ಯ ಚಂದ್ರರನ್ನು ಕೋಲಿನಿಂದ ತೋರಿಸಿದಳು. “ಇವು ಇರೋ ತನಕ ಕೊಟ್ಟಿದ್ದು ನಡೀಬೇಕು ಅಂತ. ಅದು ಆಕಳ, ಅದರ ಕರ. ಇಷ್ಟು ನಂಗೂ ತಿಳೀತೈತಿ. ಅಕ್ಷರ ನೀವು ಓದಬೇಕಪ್ಪಾ.”

ದಾನಶಾಸನಗಳ ಆ ಚಿಹ್ನೆಗಳಿಗೆ ನಮ್ಮ ಪಠ್ಯವೂ ಇದೇ ಅರ್ಥವನ್ನು ಹೇಳುತ್ತದೆ. ಕೊಟ್ಟವರಾರು, ಎಷ್ಟು ಮತ್ತರು ಭೂಮಿ, ಯಾವ ದೇವರಿಗೆ ಎಂಬುದೆಲ್ಲ ಕೆಳಗಿನ ಸಾಲುಗಳಲ್ಲಿ ಇರಬೇಕು. ಈ ಸೀಮೆಯ ಶಾಸನಗಳು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ 1939ರಲ್ಲಿಯೇ ಅಚ್ಚಾಗಿವೆ. ಅದನ್ನು ತೆರೆದು ಉತ್ತರ ಹುಡುಕುವುದು ಸುಲಭ. ಆದರೆ ಅಜ್ಜಿ ಕೇಳಿದ್ದು ಕಲ್ಲನ್ನು ಓದೆಂದು.

ಈಗ ಸಂಜೆಯ ಹೊತ್ತು ನಮ್ಮ ಅಧ್ಯಾಪಕರೊಬ್ಬರ ಬಳಿ ಹಳೆಯ ಲಿಪಿಯನ್ನು ತಿದ್ದುತ್ತಿದ್ದೇನೆ. ಱ, ೞ ಎರಡೂ ಗುರುತು ಸಿಗತೊಡಗಿವೆ. ಒತ್ತಕ್ಷರಗಳು ಇನ್ನೂ ಕಾಡುತ್ತಿವೆ. ಜೊತೆಗೆ ಬರುವವರಿದ್ದರೆ ತಿಳಿಸಿ. ದಸರೆಯ ರಜೆಯಲ್ಲಿ ಮತ್ತೆ ಮಾಗಳಕ್ಕೆ ಹೋಗುವವನಿದ್ದೇನೆ.