ಶಾಸಕಿ ಮೇಯರ್ ಆದಾಗ: ಸ್ಥಳೀಯ ಸರ್ಕಾರದ ಪಾಠಕ್ಕೊಂದು ಪ್ರಕರಣ

ಪೀಠಿಕೆ

ಪ್ರೌಢಶಾಲೆಯ ರಾಜ್ಯಶಾಸ್ತ್ರದಲ್ಲಿ ಸ್ಥಳೀಯ ಸರ್ಕಾರದ ಘಟಕವನ್ನು ಪಾಠಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಹಲವರಿರುತ್ತಾರೆ. ಪಾಠ ಸುಲಭ, ಚಾರ್ಟ್ ಬರೆಯುವುದೂ ಸುಲಭ ಎಂಬುದು ಅದಕ್ಕೆ ಕಾರಣ. ಚಾರ್ಟಿನ ಕೆಳಗೆ ಗ್ರಾಮ ಪಂಚಾಯಿತಿ, ಅದರ ಮೇಲೆ ಪುರಸಭೆ ಮತ್ತು ಮಹಾನಗರ ಪಾಲಿಕೆ, ಆಮೇಲೆ ವಿಧಾನಸಭೆ, ತುದಿಯಲ್ಲಿ ಸಂಸತ್ತು. ಸದಸ್ಯರ ಸಂಖ್ಯೆ, ಅವಧಿ, ಕಾರ್ಯಗಳ ಪಟ್ಟಿ ಹೇಳಿ ಮುಗಿಸಿದರೆ ಅವಧಿಯೂ ಮುಗಿಯುತ್ತದೆ.

ಇಂಥ ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುವಾಗ ನಾನು ಒಂದನ್ನು ಗಮನಿಸಿದ್ದೇನೆ. ಮಕ್ಕಳು ಈ ಚಾರ್ಟನ್ನು ಏಣಿಯಂತೆ ಓದುತ್ತಾರೆ. ಮೇಲಿದ್ದವರು ದೊಡ್ಡವರು, ಕೆಳಗಿದ್ದವರು ಚಿಕ್ಕವರು. ಕೆಳಗೆ ಬಂದವರು ಸೋತವರು. ಊರಿನ ನೀರು, ಕಸ, ಚರಂಡಿ, ಬೀದಿದೀಪಗಳನ್ನು ನೋಡಿಕೊಳ್ಳುವ ಸಂಸ್ಥೆ ಅವರ ಮನಸ್ಸಿನಲ್ಲಿ ಏಣಿಯ ಮೊದಲ ಮೆಟ್ಟಿಲಾಗಿಬಿಡುತ್ತದೆ. ನಾಳೆ ಮತ ಹಾಕಬೇಕಾದವರು ತಮ್ಮ ಪಾಲಿಕೆಯನ್ನು ಹಗುರವಾಗಿ ಕಾಣುವುದಕ್ಕೆ ನಮ್ಮ ಚಾರ್ಟಿನ ಪಾಲೂ ಇದೆ ಎಂಬುದು ನನ್ನ ಅನಿಸಿಕೆ.

ಈ ಗ್ರಹಿಕೆಯನ್ನು ಸರಿಪಡಿಸಲು ಒಬ್ಬ ರಾಜಕಾರಣಿಯ ವೃತ್ತಿಜೀವನವನ್ನೇ ಪಾಠವಸ್ತುವಾಗಿಟ್ಟು ಒಂಬತ್ತನೆಯ ತರಗತಿಗೆ ನಾನು ನೀಡಿದ ಪ್ರಾತ್ಯಕ್ಷಿಕೆ ಪಾಠದ ವಿವರವನ್ನು ಇಲ್ಲಿ ಕೊಡುತ್ತಿದ್ದೇನೆ. ಪಾಠಕ್ಕೆ ತಲಾ 40 ನಿಮಿಷದ ಎರಡು ಅವಧಿಗಳು ಬೇಕಾದವು.

ಪ್ರಕರಣದ ಆಯ್ಕೆ

ನಾನು ಆರಿಸಿದ್ದು ಕೆನಡಾದ ಒಂಟಾರಿಯೊ ಪ್ರಾಂತದ ಆಂಡ್ರಿಯಾ ಹೋರ್ವತ್ ಅವರನ್ನು. ಆಯ್ಕೆಗೆ ಮೂರು ಕಾರಣಗಳಿದ್ದವು. ಮೊದಲನೆಯದು, ಅವರು ನಗರ ಪಾಲಿಕೆಯಿಂದ ಪ್ರಾಂತದ ಶಾಸನಸಭೆಗೆ ಹೋಗಿ, ಅಲ್ಲಿ ವಿರೋಧ ಪಕ್ಷದ ನಾಯಕಿಯಾಗಿ, ಮತ್ತೆ ತಮ್ಮ ನಗರಕ್ಕೇ ಮೇಯರ್ ಆಗಿ ಬಂದವರು. ಎರಡನೆಯದು, ಕೆನಡಾದ 1867ರ ಸಂವಿಧಾನ ಕಾಯಿದೆಯ 92ನೆಯ ವಿಧಿ ನಗರಾಡಳಿತ ಸಂಸ್ಥೆಗಳನ್ನು ಪ್ರಾಂತಗಳ ಅಧಿಕಾರಕ್ಕೆ ಒಪ್ಪಿಸಿದೆ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲೂ ಸ್ಥಳೀಯ ಸರ್ಕಾರ ರಾಜ್ಯ ಪಟ್ಟಿಯ ವಿಷಯ. ಹೋಲಿಕೆಗೆ ಗಟ್ಟಿ ನೆಲ ಸಿಕ್ಕಂತಾಯಿತು. ಮೂರನೆಯದು ತರಗತಿಗೆ ಸಂಬಂಧಿಸಿದ್ದು. ನಮ್ಮ ಜಿಲ್ಲೆಯ ನಾಯಕರನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಮಕ್ಕಳು ಮನೆಯಿಂದ ಹೊತ್ತು ತಂದ ಪಕ್ಷ, ಜಾತಿ, ಅಭಿಮಾನಗಳು ಪಾಠಕ್ಕಿಂತ ಮುಂಚೆ ಮಾತಾಡುತ್ತವೆ. ದೂರದ ಊರಿನ ಪಕ್ಷಗಳ ಬಗ್ಗೆ ಅವರಿಗೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ.

ಪಾಠದ ಉದ್ದೇಶಗಳು

ವಿದ್ಯಾರ್ಥಿಯು
1. ಸರ್ಕಾರದ ಬೇರೆ ಬೇರೆ ಹಂತಗಳ ಅಧಿಕಾರವನ್ನು ಹೋಲಿಸುವನು.
2. ಹುದ್ದೆಯ ಗೌರವಕ್ಕೂ ನಿರ್ಧರಿಸುವ ಅಧಿಕಾರಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸುವನು.
3. ತನ್ನ ಊರಿನ ಪಾಲಿಕೆಯ ಬಗ್ಗೆ ಸರಿಯಾದ ಪ್ರಶ್ನೆ ಕೇಳುವನು.

ಮೊದಲ ಹೆಜ್ಜೆ: ಚೀಟಿಗಳ ಜೋಡಣೆ

ಪೂರ್ವಜ್ಞಾನ ತಿಳಿಯಲು ಪ್ರತಿ ಗುಂಪಿಗೂ ಇಸವಿ ನಮೂದಿಸದ ನಾಲ್ಕು ಚೀಟಿಗಳನ್ನು ಕೊಟ್ಟೆ: ನಗರ ಪಾಲಿಕೆ ಸದಸ್ಯೆ, ಮೇಯರ್, ಪ್ರಾಂತದ ಶಾಸಕಿ, ವಿರೋಧ ಪಕ್ಷದ ನಾಯಕಿ. "ಇವೆಲ್ಲ ಒಬ್ಬರೇ ವಹಿಸಿದ ಹುದ್ದೆಗಳು. ಯಾವುದು ಮೊದಲು, ಯಾವುದು ಆಮೇಲೆ, ಜೋಡಿಸಿ" ಎಂದೆ. ಹೆಚ್ಚಿನ ಗುಂಪುಗಳು ಮೇಯರ್ ಚೀಟಿಯನ್ನು ಶಾಸಕಿಯ ಚೀಟಿಗಿಂತ ಮೊದಲು ಇಟ್ಟವು. ಸರಿಯಾದ ಕ್ರಮವನ್ನು ಹಲಗೆಯ ಮೇಲೆ ಬರೆದಾಗ ಒಬ್ಬ ಹುಡುಗ, "ಅಷ್ಟು ಮೇಲೆ ಹೋದವರು ಯಾಕೆ ಕೆಳಗೆ ಬಂದ್ರು ಸರ್?" ಎಂದ. ಅವನ ಪ್ರಶ್ನೆಯನ್ನೇ ಹಲಗೆಯ ಮೂಲೆಯಲ್ಲಿ ಬರೆದು ಪಾಠವನ್ನು ಪ್ರಕಟಿಸಿದೆ. ಉತ್ತರವನ್ನು ಮಾತ್ರ ಆಗ ಕೊಡಲಿಲ್ಲ.

ಎರಡನೆಯ ಹೆಜ್ಜೆ: ಕಥನ

ಹ್ಯಾಮಿಲ್ಟನ್ ಒಂಟಾರಿಯೊ ಸರೋವರದ ಪಶ್ಚಿಮ ತುದಿಯಲ್ಲಿರುವ ಉಕ್ಕಿನ ಊರು. ಭದ್ರಾವತಿಯನ್ನು ನೆನೆಸಿಕೊಳ್ಳಿ, ಆದರೆ ಅದಕ್ಕಿಂತ ಬಹಳ ದೊಡ್ಡದು ಎಂದಾಗ ಮಕ್ಕಳಿಗೆ ಚಿತ್ರ ಸಿಕ್ಕಿತು. 2021ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 5.7 ಲಕ್ಷ. ಹೋರ್ವತ್ ಹುಟ್ಟಿದ್ದು 1962ರಲ್ಲಿ, ಇದೇ ಊರಿನಲ್ಲಿ. ತಂದೆ ಕಾರು ಕಾರ್ಖಾನೆಯ ಕಾರ್ಮಿಕರು. ಅವರು ಅಲ್ಲಿಯ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಕಾರ್ಮಿಕ ಅಧ್ಯಯನ ಓದಿ, 1997ರಲ್ಲಿ ನಗರದ ನಡುಭಾಗದ ವಾರ್ಡಿನಿಂದ ಪಾಲಿಕೆಗೆ ಆಯ್ಕೆಯಾದರು.

2001ರಲ್ಲಿ ಪ್ರಾಂತ ಸರ್ಕಾರ ಹ್ಯಾಮಿಲ್ಟನ್ನಿನೊಂದಿಗೆ ಆಂಕಾಸ್ಟರ್, ಡಂಡಾಸ್, ಫ್ಲಾಂಬರೊ, ಗ್ಲ್ಯಾನ್‌ಬ್ರೂಕ್, ಸ್ಟೋನಿ ಕ್ರೀಕ್ ಎಂಬ ಐದು ಊರುಗಳನ್ನು ಕಾನೂನಿನ ಮೂಲಕ ಸೇರಿಸಿ ಒಂದೇ ನಗರ ಮಾಡಿತು. ಊರಿನ ಗಡಿಯನ್ನು ಬದಲಿಸುವ ಕೈ ಊರಿನದಲ್ಲ ಎಂಬ ಮೊದಲ ಅಂಶವನ್ನು ಇಲ್ಲಿ ಹಲಗೆಯ ಮೇಲೆ ದಾಖಲಿಸಿದೆ.

2004ರ ಮೇ ತಿಂಗಳ ಉಪಚುನಾವಣೆಯಲ್ಲಿ ಅವರು ನ್ಯೂ ಡೆಮಾಕ್ರಟಿಕ್ ಪಕ್ಷದಿಂದ ಪ್ರಾಂತದ ಶಾಸನಸಭೆಗೆ ಗೆದ್ದರು. ಅದರ ಹಿಂದಿನ ವರ್ಷದ ಚುನಾವಣೆಯಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು 7 ಸ್ಥಾನ. ಸದನದಲ್ಲಿ ಅಧಿಕೃತ ಪಕ್ಷವೆನಿಸಿಕೊಳ್ಳಲು ಬೇಕಾದದ್ದು 8. ಎಂಟನೆಯವರಾಗಿ ಹೋದವರು ಹೋರ್ವತ್. ಮುಂದೆ 2009ರಲ್ಲಿ ಪಕ್ಷದ ನಾಯಕಿಯಾದರು.

ಈ ಹಂತದಲ್ಲಿ ತರಗತಿಗೆ ಒಂದು ಒಗಟು ಒಡ್ಡಿದೆ: "2011ರಲ್ಲಿ ಅವರ ಪಕ್ಷಕ್ಕೆ 17 ಸ್ಥಾನ. 2018ರಲ್ಲಿ 40 ಸ್ಥಾನ. ಯಾವಾಗ ಅವರ ಮಾತು ಹೆಚ್ಚು ನಡೆದಿರಬೇಕು?" ಎಲ್ಲರೂ 40 ಎಂದರು. ಆಗ ವಿವರ ಕೊಟ್ಟೆ. 2011ರಲ್ಲಿ ಆಡಳಿತ ಪಕ್ಷಕ್ಕೆ ಬಹುಮತವಿರಲಿಲ್ಲ. 2012ರ ಬಜೆಟ್ ಉಳಿಯಬೇಕಾದರೆ ಈ 17 ಜನರ ಸಹಕಾರ ಬೇಕಿತ್ತು. ವರ್ಷಕ್ಕೆ ಐದು ಲಕ್ಷ ಡಾಲರಿಗಿಂತ ಹೆಚ್ಚು ಆದಾಯವುಳ್ಳವರ ಮೇಲೆ ಹೆಚ್ಚುವರಿ ತೆರಿಗೆ ಹಾಕಬೇಕೆಂಬ ಬೇಡಿಕೆಯನ್ನು ಹೋರ್ವತ್ ಮುಂದಿಟ್ಟರು; ಸರ್ಕಾರ ಒಪ್ಪಿತು. 2018ರಲ್ಲಿ ಅವರು ಅಧಿಕೃತ ವಿರೋಧ ಪಕ್ಷದ ನಾಯಕಿ. ಆದರೆ 124 ಸ್ಥಾನಗಳ ಸದನದಲ್ಲಿ ಆಡಳಿತ ಪಕ್ಷದವರೇ 76. ಅದೇ ವರ್ಷ ಸರ್ಕಾರ ಟೊರಾಂಟೊ ಪಾಲಿಕೆಯ ಚುನಾವಣಾ ಪ್ರಕ್ರಿಯೆ ನಡೆಯುತ್ತಿರುವಾಗಲೇ ಅಲ್ಲಿನ ವಾರ್ಡುಗಳನ್ನು 47ರಿಂದ 25ಕ್ಕೆ ಇಳಿಸುವ ಕಾನೂನು ತಂದಿತು. ವಿರೋಧ ಪಕ್ಷ ಪ್ರತಿಭಟಿಸಿತು, ಕಾನೂನು ನಿಲ್ಲಲಿಲ್ಲ. 2021ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕೂಡ 5–4ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು.

"ಹಾಗಾದ್ರೆ 17 ದೊಡ್ಡದಾಯ್ತಲ್ಲ ಸರ್" ಎಂದಳು ಒಬ್ಬ ಹುಡುಗಿ. ತರಗತಿ ನಕ್ಕಿತು, ಆದರೆ ಏಣಿಯ ಚಿತ್ರ ಮೊದಲ ಬಾರಿ ಅಲುಗಿದ್ದು ಆ ಮಾತಿನಿಂದ.

2022ರ ಜೂನ್ ಚುನಾವಣೆಯಲ್ಲಿ ಪಕ್ಷ 31 ಸ್ಥಾನಕ್ಕೆ ಕುಸಿಯಿತು. ಫಲಿತಾಂಶದ ರಾತ್ರಿಯೇ ಹೋರ್ವತ್ ನಾಯಕತ್ವ ಬಿಡುವುದಾಗಿ ಘೋಷಿಸಿದರು. ಆಗಸ್ಟಿನಲ್ಲಿ ಶಾಸಕ ಸ್ಥಾನವನ್ನೂ ಬಿಟ್ಟು, ಅಕ್ಟೋಬರ್ 24ರಂದು ನಡೆದ ಮೇಯರ್ ಚುನಾವಣೆಯಲ್ಲಿ ಎರಡು ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ಗೆದ್ದರು. ಹ್ಯಾಮಿಲ್ಟನ್ನಿಗೆ ಅವರು ಮೊದಲ ಮಹಿಳಾ ಮೇಯರ್.

ಮೂರನೆಯ ಹೆಜ್ಜೆ: ಮೂರು ಪ್ರಶ್ನೆಗಳ ಕೋಷ್ಟಕ

ಎರಡನೆಯ ಅವಧಿಯಲ್ಲಿ ಹಲಗೆಯ ಮೇಲೆ ಅಡ್ಡಕ್ಕೆ ನಾಲ್ಕು ಹುದ್ದೆಗಳನ್ನೂ ಉದ್ದಕ್ಕೆ ಮೂರು ಪ್ರಶ್ನೆಗಳನ್ನೂ ಬರೆದೆ. ಯಾರು ಆರಿಸಿದರು? ಏನನ್ನು ನಿರ್ಧರಿಸಬಲ್ಲರು? ಯಾರು ತಡೆಯಬಲ್ಲರು? ಗುಂಪುಗಳು ಚರ್ಚಿಸಿ ಮನೆಗಳನ್ನು ತುಂಬಿದವು.

ಮೊದಲ ಪ್ರಶ್ನೆಯಲ್ಲೇ ಒಂದು ಅಚ್ಚರಿ ಕಾದಿತ್ತು. ಶಾಸಕಿಯಾಗಿ ಅವರನ್ನು ಆರಿಸಿದ್ದು ಒಂದು ಕ್ಷೇತ್ರದ ಮತದಾರರು, ನಾಯಕಿಯಾಗಿ ಆರಿಸಿದ್ದು ಪಕ್ಷದವರು. ಮೇಯರ್ ಆಗಿ ಆರಿಸಿದ್ದು ಮಾತ್ರ ಇಡೀ ನಗರದ ಮತದಾರರು. ಒಂಟಾರಿಯೊದಲ್ಲಿ ಮೇಯರನ್ನು ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ನಮ್ಮಲ್ಲಿ ಪಾಲಿಕೆಯ ಸದಸ್ಯರು ಸೇರಿ ಮೇಯರನ್ನು ಆರಿಸುವುದನ್ನೂ, ಆ ಸ್ಥಾನಕ್ಕೆ ಮೀಸಲಾತಿ ಸರದಿಯಂತೆ ಬರುವುದನ್ನೂ, ಆಡಳಿತ ನಿರ್ವಹಣೆಯ ಅಧಿಕಾರ ಸರ್ಕಾರ ನೇಮಿಸುವ ಆಯುಕ್ತರ ಕೈಯಲ್ಲಿರುವುದನ್ನೂ ಪಕ್ಕದಲ್ಲಿ ಬರೆಸಿದೆ.

ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಹ್ಯಾಮಿಲ್ಟನ್ ಪಾಲಿಕೆಯ ಲೆಕ್ಕ ಬೇಕು. ಅಲ್ಲಿ 15 ಸದಸ್ಯರು ಮತ್ತು ಮೇಯರ್, ಒಟ್ಟು 16 ಮತ. ಮೇಯರಿಗೂ ಒಂದೇ ಮತ. ಮತಗಳು ಸಮನಾದರೆ ನಿರ್ಣಯ ಬಿದ್ದುಹೋದಂತೆ. ಆದರೆ 2022ರಲ್ಲಿ ಪ್ರಾಂತ ಸರ್ಕಾರ ಟೊರಾಂಟೊ ಮತ್ತು ಒಟ್ಟಾವಾದ ಮೇಯರುಗಳಿಗೆ ವಿಶೇಷ ಅಧಿಕಾರ ಕೊಡುವ ಕಾನೂನು ಮಾಡಿತು. 2023ರ ಜುಲೈ 1ರಿಂದ ಅದು ಹ್ಯಾಮಿಲ್ಟನ್ ಸೇರಿ ಇನ್ನಷ್ಟು ನಗರಗಳಿಗೆ ವಿಸ್ತರಿಸಿತು. ಅದರಂತೆ ಬಜೆಟ್ ಮಂಡಿಸುವವರು ಮೇಯರ್. ಮುಖ್ಯ ಆಡಳಿತಾಧಿಕಾರಿಯನ್ನು ನೇಮಿಸುವ ಅಧಿಕಾರವೂ ಅವರದೇ. ವಸತಿಯಂಥ ಪ್ರಾಂತದ ಆದ್ಯತೆಗಳಿಗೆ ಅಡ್ಡಿಯಾಗುವ ಬೈಲಾವನ್ನು ಅವರು ವೀಟೊ ಮಾಡಬಹುದು. ಅದನ್ನು ಮೀರಲು ಮೂರನೇ ಎರಡರಷ್ಟು ಮತ ಬೇಕು. ಆದ್ಯತೆಗಳಿಗೆ ನೆರವಾಗುವ ಬೈಲಾವನ್ನು ಮೂರನೇ ಒಂದಕ್ಕಿಂತ ಹೆಚ್ಚು ಮತ ಸಿಕ್ಕರೂ ಜಾರಿಗೆ ತರಬಹುದು. "16ರಲ್ಲಿ ಎಷ್ಟಾಯಿತು?" ಎಂದೆ. ಮಕ್ಕಳೇ ಲೆಕ್ಕ ಹಾಕಿ, ಮೀರಲು 11, ಜಾರಿಗೆ 6 ಎಂದರು.

ಈ ಅಧಿಕಾರ ಬಳಕೆಯಾದದ್ದು 2024ರಲ್ಲಿ. ಸ್ಟೋನಿ ಕ್ರೀಕಿನಲ್ಲಿ ಪಾಲಿಕೆಗೆ ಸೇರಿದ ವಾಹನ ನಿಲುಗಡೆಯ ಜಾಗದಲ್ಲಿ ಕಡಿಮೆ ಬಾಡಿಗೆಯ 67 ಮನೆಗಳನ್ನು ಕಟ್ಟಿಸುವ ಪ್ರಸ್ತಾವ ಸಮಮತದಿಂದ ಬಿದ್ದಿತ್ತು. ನಿಲುಗಡೆ ಜಾಗ ಹೋದರೆ ಅಂಗಡಿ ಬೀದಿಗೆ ತೊಂದರೆ ಎಂಬುದು ಒಂದು ಕಡೆಯ ವಾದ, ಮನೆಯಿಲ್ಲದವರ ಕಷ್ಟ ಇನ್ನೊಂದು ಕಡೆಯದು. ಹೋರ್ವತ್ ವಿಶೇಷ ಅಧಿಕಾರ ಬಳಸಿ ಯೋಜನೆಯನ್ನು ಮುಂದಕ್ಕೆ ಒಯ್ದರು. ಅವರು ಹದಿಮೂರು ವರ್ಷ ಮುನ್ನಡೆಸಿದ ಪಕ್ಷವೇ ಸದನದಲ್ಲಿ ಈ ವಿಶೇಷ ಅಧಿಕಾರದ ಕಾನೂನನ್ನು ವಿರೋಧಿಸಿತ್ತು ಎಂಬುದನ್ನೂ ಮಕ್ಕಳ ಮುಂದಿಟ್ಟೆ.

ಚರ್ಚೆ

"ಇದು ಸರಿಯೇ?" ಎಂದು ಕೇಳಿ ಸುಮ್ಮನಾದೆ. ಒಂದು ಗುಂಪು, "ಮನೆ ಇಲ್ಲದವರಿಗೆ ಮನೆ ಸಿಗುತ್ತೆ, ಸರಿ" ಎಂದಿತು. ಇನ್ನೊಂದು ಗುಂಪು, "ಇವತ್ತು ಮನೆಗೆ ಬಳಸಿದ್ರು, ನಾಳೆ ಬೇರೆಯವರು ಬಂದು ಬೇರೆ ಯಾವುದಕ್ಕೋ ಬಳಸಿದ್ರೆ? ಆರು ಜನ ಹತ್ತು ಜನರನ್ನ ಸೋಲಿಸಬಹುದಾದ್ರೆ ಚುನಾವಣೆ ಯಾಕೆ?" ಎಂದು ಕೇಳಿತು. ಬಿಸಿ ಏರಿದ ಹೊತ್ತಿಗೆ ಅಲ್ಲಿಯವರೆಗೆ ಮಾತಾಡದಿದ್ದ ಹುಡುಗಿಯೊಬ್ಬಳು ಎದ್ದು, "ಆ ಅಧಿಕಾರ ಕೊಟ್ಟಿದ್ದು ಪ್ರಾಂತ ಸರ್ಕಾರ ಅಲ್ವಾ ಸರ್? ಕೊಟ್ಟವರು ಕಿತ್ತುಕೊಳ್ಳಲೂಬಹುದಲ್ಲ?" ಎಂದಳು.

ಇಡೀ ಘಟಕದ ತಿರುಳು ಆ ಪ್ರಶ್ನೆಯಲ್ಲಿತ್ತು. ಹೋರ್ವತ್ ಪ್ರಾಂತದಲ್ಲಿ ದೊಡ್ಡ ಹೆಸರಾಗಿದ್ದಾಗ ಸದನದ ಬಹುಮತ ಅವರ ಕೈ ಕಟ್ಟಿತ್ತು. ನಗರಕ್ಕೆ ಬಂದ ಮೇಲೆ ಕೈಗೆ ಅಧಿಕಾರ ಬಂತು. ಆದರೆ ಅದರ ಬೇರು ಪ್ರಾಂತದಲ್ಲಿದೆ. ಟ್ರಾಮ್ ಮಾರ್ಗದ ಉದಾಹರಣೆಯನ್ನೂ ಇಲ್ಲಿ ಸೇರಿಸಿದೆ: 2019ರಲ್ಲಿ ಪ್ರಾಂತ ಸರ್ಕಾರ ಹ್ಯಾಮಿಲ್ಟನ್ನಿನ ಲಘು ರೈಲು ಯೋಜನೆಯನ್ನು ರದ್ದು ಮಾಡಿತು; 2021ರಲ್ಲಿ ಕೇಂದ್ರದೊಂದಿಗೆ ಸೇರಿ 340 ಕೋಟಿ ಡಾಲರ್ ಘೋಷಿಸಿ ಮತ್ತೆ ಜೀವ ಕೊಟ್ಟಿತು. ನಿಲ್ಲಿಸಿದ್ದೂ ಅದೇ ಸರ್ಕಾರ, ಎಬ್ಬಿಸಿದ್ದೂ ಅದೇ ಸರ್ಕಾರ. ನಮ್ಮಲ್ಲಿ 1992ರ 74ನೆಯ ತಿದ್ದುಪಡಿ ನಗರ ಸಂಸ್ಥೆಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟಿದೆ. ಕೆನಡಾದ ನಗರಗಳಿಗೆ ಅಂಥ ಆಸರೆಯಿಲ್ಲ. ಆದರೆ ಯಾವ ಅಧಿಕಾರವನ್ನು ಎಷ್ಟು ಕೊಡಬೇಕೆಂಬುದನ್ನು ಇಲ್ಲಿಯೂ ರಾಜ್ಯ ಶಾಸನಸಭೆಯ ಕಾನೂನೇ ನಿರ್ಧರಿಸುತ್ತದೆ.

ಮೌಲ್ಯಮಾಪನ

ಕೊನೆಗೆ ಚೀಟಿಗಳನ್ನು ಮತ್ತೆ ಕೊಟ್ಟು, "ಈ ಸಲ ಏಣಿ ಬೇಡ, ನಿಮಗೆ ತೋಚಿದ ಚಿತ್ರ ಬರೆಯಿರಿ" ಎಂದೆ. ಒಂದು ಗುಂಪು ತಕ್ಕಡಿ ಬರೆಯಿತು. ಇನ್ನೊಂದು ಗುಂಪು ಗಾಳಿಪಟ ಬರೆದು, ಅದರ ದಾರವನ್ನು ಪ್ರಾಂತದ ಕೈಗೆ ಕೊಟ್ಟಿತು. ಮೊದಲು "ಕೆಳಗೆ ಬಂದ್ರು" ಎಂದಿದ್ದ ಹುಡುಗ ತನ್ನ ಟಿಪ್ಪಣಿಯಲ್ಲಿ, "ಕೆಳಗೆ ಬರಲಿಲ್ಲ, ಬೇರೆ ಕೆಲಸಕ್ಕೆ ಬಂದರು" ಎಂದು ಬರೆದಿದ್ದ. ಎಲ್ಲರೂ ಅಷ್ಟು ದೂರ ಬರಲಿಲ್ಲ. ಕೆಲವರ ಪುಸ್ತಕದಲ್ಲಿ ಏಣಿ ಹಾಗೇ ಉಳಿದಿತ್ತು. ಅವರಿಗೆ ಮೂರು ಪ್ರಶ್ನೆಗಳ ಕೋಷ್ಟಕವನ್ನು ಪರಿಹಾರ ಬೋಧನೆಯಲ್ಲಿ ಮತ್ತೆ ಮಾಡಿಸಲು ಗುರುತು ಹಾಕಿಕೊಂಡೆ.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು

ಪಾಠದ ನಂತರದ ವಿಮರ್ಶಾ ಸಭೆಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು, "ಬದುಕಿರುವ ರಾಜಕಾರಣಿಯನ್ನು ತರಗತಿಗೆ ತಂದರೆ ಪ್ರಚಾರ ಮಾಡಿದಂತಾಗುವುದಿಲ್ಲವೇ?" ಎಂದು ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ವ್ಯಕ್ತಿಯ ಗುಣಗಾನವಾಗಲಿ ನಿಂದೆಯಾಗಲಿ ಪಾಠದ ಗುರಿಯಾಗಬಾರದು. ಗೆಲುವಿನ ಇಸವಿಯ ಜೊತೆಗೆ ಸೋಲಿನ ಇಸವಿಯನ್ನೂ, ನಿರ್ಧಾರದ ಜೊತೆಗೆ ಅದನ್ನು ವಿರೋಧಿಸಿದವರ ವಾದವನ್ನೂ ಕೊಡಬೇಕು. ತೀರ್ಪನ್ನು ಮಕ್ಕಳಿಗೆ ಬಿಡಬೇಕು. ಅವರ ತೀರ್ಪು ನಮ್ಮದಕ್ಕಿಂತ ಬೇರೆಯಾದರೆ ಅದನ್ನು ತಪ್ಪೆಂದು ಗುರುತು ಹಾಕಬಾರದು.

ಇನ್ನೊಂದು ಮಾತು. ದೂರದ ಪ್ರಕರಣವನ್ನು ದೂರದಲ್ಲೇ ಬಿಟ್ಟರೆ ಅದು ಬರಿಯ ಸಾಮಾನ್ಯ ಜ್ಞಾನವಾಗಿ ಉಳಿಯುತ್ತದೆ. ಆದ್ದರಿಂದ ನಾನು ಕೊಟ್ಟ ಮನೆಗೆಲಸ ಇದು: ನಿಮ್ಮ ಬೀದಿಯ ಒಂದು ತೊಂದರೆಯನ್ನು ಆರಿಸಿ. ಅದನ್ನು ಸರಿಪಡಿಸುವ ನಿರ್ಧಾರ ಯಾರದು, ಅವರನ್ನು ಆರಿಸಿದವರು ಅಥವಾ ನೇಮಿಸಿದವರು ಯಾರು, ಅವರನ್ನು ತಡೆಯಬಲ್ಲವರು ಯಾರು ಎಂಬುದನ್ನು ಮನೆಯ ಹಿರಿಯರನ್ನೋ ವಾರ್ಡಿನ ಕಚೇರಿಯನ್ನೋ ಕೇಳಿ ಬರೆದು ತನ್ನಿ. ಮುಂದಿನ ಪಾಠಾಭ್ಯಾಸದಲ್ಲಿ ಈ ಘಟಕವನ್ನು ಆರಿಸಿಕೊಳ್ಳುವವರು ಮಕ್ಕಳು ತರುವ ಉತ್ತರಗಳಿಂದಲೇ ಪಾಠ ಆರಂಭಿಸಬಹುದು. ಚಾರ್ಟನ್ನು ಆಮೇಲೆ ತೂಗುಹಾಕಿದರಾಯಿತು.