ಬದುವಿನ ಮದಗುಣಕಿ, ದವಾಖಾನೆಯ ಆಟ್ರೋಪಿನ್

ಗೋಕಾಕ ಫಾಲ್ಸ್ ಸುತ್ತಿನ ಮಡ್ಡಿ ಹೊಲಗಳ ಬದುವಿಗೆ ಮದಗುಣಕಿ (ದತ್ತೂರಿ) ತಾನಾಗಿಯೇ ಹುಟ್ಟುತ್ತದೆ. ದನ ಮುಟ್ಟೋದಿಲ್ಲ. ಇದರ ಎಲೆ, ಬೀಜದಲ್ಲಿ ಆಟ್ರೋಪಿನ್ ಎಂಬ ಸಸ್ಯಕ್ಷಾರ ಇದೆ. ಬೀಜ ತಿಂದವರಿಗೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲಾಗುತ್ತದೆ, ಹುಚ್ಚು ಹಿಡಿದಂಗೆ ಬಡಬಡಿಸುತ್ತಾರೆ.

ನಾವು ಬೆಳೆಗೆ ಹೊಡೆಯುವ ಪ್ರೊಫೆನೊಫಾಸ್, ಕ್ಲೋರೊಪೈರಿಫಾಸ್ ಜಾತಿಯ ಎಣ್ಣಿ ಮೈಗೆ ಏರಿದರೆ ಇದರ ಉಲ್ಟಾ. ಜೊಲ್ಲು, ಬೆವರು, ಕಣ್ಣೀರು ಸುರಿಯುತ್ತದೆ. ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಎದೆಯಲ್ಲಿ ಕಫ ತುಂಬಿ ಉಸಿರು ಕಟ್ಟುತ್ತದೆ. ಆಗ ಜೀವ ಉಳಿಸುವ ಇಂಜೆಕ್ಷನ್ನೇ ಆಟ್ರೋಪಿನ್. ಕಫ ಒಣಗಿ ಉಸಿರು ಸಲೀಸಾಗುವ ತನಕ ಡಾಕ್ಟರು ನೋಡಿ ನೋಡಿ ಕೊಡುತ್ತಾರೆ.

ಹಂಗಂತ ಮದಗುಣಕಿ ಅರೆದು ಕುಡಿಸಬಾರದು. ಗಿಡದಿಂದ ಗಿಡಕ್ಕೆ ವಿಷದ ಪ್ರಮಾಣ ಬೇರೆ. ಇಂಜೆಕ್ಷನ್ ಮಿಲಿಗ್ರಾಂ ಲೆಕ್ಕದ್ದು.

ನಾವು ಮಾಡಬೇಕಾದ್ದು ಇಷ್ಟು: ಎಣ್ಣಿ ಬಿದ್ದ ಅರಿವೆ ತೆಗೆದು, ಸಾಬೂನು ಹಚ್ಚಿ ಮೈ ತೊಳೆಯಿರಿ. ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ. ಎಣ್ಣಿ ಡಬ್ಬಿಯನ್ನೂ ಅದರ ಚೀಟಿಯನ್ನೂ ದವಾಖಾನೆಗೆ ಒಯ್ಯಿರಿ. ಎಲ್ಲಾ ಎಣ್ಣಿಗೂ ಆಟ್ರೋಪಿನ್ ನಡೆಯೋದಿಲ್ಲ. ಯಾವ ವಿಷಕ್ಕೆ ಯಾವ ಮದ್ದು ಅನ್ನೋದು ಚೀಟಿಯಲ್ಲೇ ಅಚ್ಚಾಗಿರುತ್ತದೆ. ಆದ್ದರಿಂದ ಡಬ್ಬಿ ಒಡೆದ ದಿನವೇ ಚೀಟಿ ಹರಿದು ಒಗೀಬೇಡಿ.