ಎರಡು ಗಾಲಿಯ ಟ್ರೈಲರೂ ನಾಲ್ಕು ಗಾಲಿಯ ಟ್ರೈಲರೂ: ಎಳೆಯುವ ಮತ್ತು ಹಿಂದಕ್ಕೆ ಸರಿಸುವ ಕ್ರಮ

ಹೊಲದಿಂದ ಕಣಕ್ಕೂ ಕಣದಿಂದ ಪೇಟೆಗೂ ಪೈರನ್ನು ಸಾಗಿಸುವ ಕೆಲಸವು ಹಿಂದೆ ಎತ್ತಿನ ಗಾಡಿಗಳಿಂದ ನಡೆಯುತ್ತಿದ್ದು, ಈಗ ಬಹುಮಟ್ಟಿಗೆ ಟ್ರ್ಯಾಕ್ಟರಿಗೆ ಕಟ್ಟಿದ ಟ್ರೈಲರುಗಳಿಂದ ನಡೆಯುತ್ತಿರುವುದು ಸರ್ವರಿಗೂ ತಿಳಿದ ವಿಷಯವಾಗಿದೆ. ಟ್ರೈಲರನ್ನು ಕೊಳ್ಳುವಾಗ ಅದರ ಬೆಲೆಯನ್ನೂ ಅದು ಹೊರುವ ತೂಕವನ್ನೂ ವಿಚಾರಿಸುವುದು ರೂಢಿಯಾಗಿದೆ. ಆದರೆ ಅದನ್ನು ಎಲ್ಲಿ ತಿರುಗಿಸಬೇಕು, ಎಲ್ಲಿ ಹಿಂದಕ್ಕೆ ಸರಿಸಬೇಕು ಎಂಬುದನ್ನು ವಿಚಾರಿಸುವವರು ವಿರಳ. ಟ್ರೈಲರು ನಾಲೆಗೆ ಉರುಳುವುದೂ, ಕಣದಲ್ಲಿ ಹಿಂದೆ ನಿಂತ ಮಗು ಗಾಲಿಗೆ ಸಿಕ್ಕುವುದೂ ಹಿಂದಕ್ಕೆ ಸರಿಸುವ ಹೊತ್ತಿನಲ್ಲಿಯೇ ಸಂಭವಿಸಬಹುದಾದ ಅನಾಹುತಗಳಾದುದರಿಂದ ಈ ವಿಚಾರವನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ಚೆನ್ನಾಗಿ ಮನಗಾಣುವುದು ಅವಶ್ಯಕ.

ಎರಡು ಬಗೆಯ ರಚನೆ

ಎರಡು ಗಾಲಿಯ ಟ್ರೈಲರಿಗೆ ಒಂದೇ ಅಚ್ಚು. ಅದರ ಮೂಕಿಯು ಮೈಗೆ ಭದ್ರವಾಗಿ ಬೆಸೆದಿದ್ದು, ಮುಂತುದಿಯ ಬಳೆಯು ಟ್ರ್ಯಾಕ್ಟರಿನ ಕೊಂಡಿಗೆ ಸೇರುತ್ತದೆ. ಆದುದರಿಂದ ಬಾಗುವ ಸ್ಥಾನ ಒಂದೇ. ನಾಲ್ಕು ಗಾಲಿಯ ಟ್ರೈಲರಿಗಾದರೋ ಎರಡು ಅಚ್ಚುಗಳು. ಮುಂದಿನ ಅಚ್ಚು ಎಡಬಲಕ್ಕೆ ತಿರುಗುವಂತೆ ಉಕ್ಕಿನ ತಿರುಗಣೆಯ ಮೇಲೆ ಕುಳಿತಿರುತ್ತದೆ. ಮೂಕಿಯು ಆ ಅಚ್ಚಿಗೆ ಸೇರಿರುತ್ತದೆ. ಇಲ್ಲಿ ಕೊಂಡಿಯ ಬಳಿ ಒಂದು, ತಿರುಗಣೆಯ ಬಳಿ ಒಂದು, ಹೀಗೆ ಬಾಗುವ ಸ್ಥಾನಗಳು ಎರಡು. ಇವೆರಡರ ಗುಣದೋಷಗಳೆಲ್ಲವೂ ಬಹುಪಾಲು ಈ ಒಂದು ಭೇದದಿಂದಲೇ ಹುಟ್ಟುತ್ತವೆ.

ಎಳೆಯುವಾಗ

ಎತ್ತಿನ ಗಾಡಿಯಲ್ಲಿ ಹೇರು ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಬಿಗಿಯುವುದೂ, ಮುಂದೆ ಹೆಚ್ಚಾದರೆ ಹೆಗಲು ಕುಗ್ಗುವುದೂ ರೈತರಿಗೆ ಹೊಸತಲ್ಲ. ಎರಡು ಗಾಲಿಯ ಟ್ರೈಲರಿಗೂ ಇದೇ ನ್ಯಾಯ ಸಲ್ಲುತ್ತದೆ. ಉದಾಹರಣೆಗೆ, ಕೊಂಡಿಯಿಂದ ಅಚ್ಚಿಗೆ ೩ ಮೀಟರು ದೂರವಿದ್ದು, ೩೦೦೦ ಕಿಲೋಗ್ರಾಂ ಹೇರಿನ ಮಧ್ಯಬಿಂದು ಅಚ್ಚಿಗಿಂತ ೩೦ ಸೆಂಟಿಮೀಟರು ಮುಂದೆ ಇದ್ದರೆ, ಕೊಂಡಿಯ ಮೇಲೆ ೩೦೦ ಕಿಲೋಗ್ರಾಂ ಭಾರ ಬೀಳುತ್ತದೆ. ಈ ಭಾರದಿಂದ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ನೆಲವನ್ನು ಗಟ್ಟಿಯಾಗಿ ಕಚ್ಚುವುದರಿಂದ ಕೆಸರಿನಲ್ಲಿಯೂ ಎಳೆತ ಸುಲಭವಾಗುವುದು. ಅದೇ ಹೇರಿನ ಮಧ್ಯಬಿಂದು ಅಷ್ಟೇ ದೂರ ಅಚ್ಚಿನ ಹಿಂದಕ್ಕೆ ಸರಿದರೆ, ಮೂಕಿಯು ೩೦೦ ಕಿಲೋಗ್ರಾಂ ಬಲದಿಂದ ಕೊಂಡಿಯನ್ನು ಮೇಲಕ್ಕೆತ್ತಿ, ಗಾಲಿಗಳು ಹಿಡಿತ ತಪ್ಪಿ ಜಾರುವುವು. ಮುಂದಿನ ಭಾರವು ಅತಿಯಾದರೆ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಏರಿನಲ್ಲಿ ಮೇಲೇಳುವುದು. ಆದುದರಿಂದ ಹೇರನ್ನು ಅಚ್ಚಿಗಿಂತ ತುಸುವೇ ಮುಂದಾಗಿ ಹರಡತಕ್ಕದ್ದು. ಟ್ರೈಲರನ್ನು ತಯಾರಕರು ನಿಗದಿಮಾಡಿದ ತಗ್ಗಿನ ಕೊಂಡಿಗೇ ಕಟ್ಟತಕ್ಕದ್ದು. ಎತ್ತರದ ಸ್ಥಾನಕ್ಕೆ ಕಟ್ಟಿ ಎಳೆದರೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚುವ ಅಪಾಯವುಂಟು.

ನಾಲ್ಕು ಗಾಲಿಯ ಟ್ರೈಲರು ತನ್ನ ಹೇರನ್ನು ತಾನೇ ಹೊರುತ್ತದೆ. ಕೊಂಡಿಯ ಮೇಲೆ ಹೇರಿನ ಭಾರ ಬೀಳುವುದಿಲ್ಲ. ಹೆಚ್ಚು ಸರಕನ್ನು ಹೇರಬಹುದು. ಕೊಂಡಿ ಕಳಚಿದರೂ ತನ್ನಷ್ಟಕ್ಕೆ ನಿಲ್ಲುತ್ತದೆ. ಆದರೆ ಟ್ರ್ಯಾಕ್ಟರಿನ ಗಾಲಿಗಳಿಗೆ ಆ ಭಾರದ ನೆರವು ದೊರೆಯದ ಕಾರಣ ಕೆಸರಿನಲ್ಲಿ ಎಳೆತ ಕಷ್ಟ. ಇಳಿಜಾರಿನಲ್ಲಿ ಕಷ್ಟವು ಇನ್ನೂ ಹೆಚ್ಚು. ಹತ್ತಕ್ಕೆ ಒಂದರಂತೆ ಇಳಿಯುವ ದಾರಿಯಲ್ಲಿ ೫ ಟನ್ ತೂಕದ ಟ್ರೈಲರು ಸುಮಾರು ಅರ್ಧ ಟನ್ ಬಲದಿಂದ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಸಾಮಾನ್ಯ ಟ್ರ್ಯಾಕ್ಟರುಗಳಿಗೆ ಬ್ರೇಕು ಹಿಂದಿನ ಗಾಲಿಗಳಿಗೆ ಮಾತ್ರ ಇರುತ್ತದೆ. ಟ್ರೈಲರಿಗೆ ತನ್ನದೇ ಬ್ರೇಕು ಇಲ್ಲದಿದ್ದರೆ ಅಷ್ಟು ನೂಕನ್ನೂ ಆ ಎರಡು ಗಾಲಿಗಳೇ ತಡೆಯಬೇಕು. ಇಳಿಜಾರಿಗೆ ಮುಂಚೆಯೇ ಕೆಳಗಿನ ಗೇರಿಗೆ ಹಾಕತಕ್ಕದ್ದು. ಡೀಸೆಲ್ ಉಳಿಸುವ ಆಸೆಯಿಂದ ಗೇರು ತಪ್ಪಿಸಿ ಇಳಿಸುವುದು ಪ್ರಾಣಾಪಾಯಕರ. ಎಡಬಲದ ಬ್ರೇಕು ಪೆಡಲುಗಳನ್ನು ರಸ್ತೆಯಲ್ಲಿ ಒಂದಕ್ಕೊಂದು ಸೇರಿಸಿ ಅಗುಳಿ ಹಾಕಿರಬೇಕು. ಒಂದನ್ನೇ ಒತ್ತಿದರೆ ಟ್ರ್ಯಾಕ್ಟರು ಅಡ್ಡ ತಿರುಗಿ ಟ್ರೈಲರು ಅದರ ಮೇಲೇರುವುದು.

ಹಿಂದಕ್ಕೆ ಸರಿಸುವಾಗ

ಎರಡು ಗಾಲಿಯ ಟ್ರೈಲರನ್ನು ಹಿಂದಕ್ಕೆ ಸರಿಸುವಾಗ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರ್ಯಾಕ್ಟರಿನ ಹಿಂಭಾಗವು ಎಡಕ್ಕೆ ಹೋಗಿ, ಮೂಕಿಯನ್ನೂ ಎಡಕ್ಕೆ ನೂಕುತ್ತದೆ. ಅದರಿಂದ ಟ್ರೈಲರಿನ ಬಾಲವು ಬಲಕ್ಕೆ ಹೊರಳುವುದು. ಎಂದರೆ ಬಾಲವು ಬಲಕ್ಕೆ ಹೋಗಬೇಕಾದರೆ ಸ್ಟಿಯರಿಂಗು ಎಡಕ್ಕೆ. ಎಡಕ್ಕೆ ಹೋಗಬೇಕಾದರೆ ಬಲಕ್ಕೆ. ಬಾಲ ಹೊರಳಲು ತೊಡಗಿದ ಕೂಡಲೇ ಸ್ಟಿಯರಿಂಗನ್ನು ಮರಳಿಸಿ ಟ್ರೈಲರನ್ನು ಹಿಂಬಾಲಿಸತಕ್ಕದ್ದು. ಮೂಕಿ ಗಿಡ್ಡವಾದಷ್ಟೂ ಹೊರಳುವಿಕೆ ಬೇಗ. ಆದುದರಿಂದ ನಿಧಾನವೇ ಇಲ್ಲಿ ಮುಖ್ಯ. ಬಾಗು ಅತಿಯಾದರೆ ಮೂಕಿಯು ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ತಗುಲುವುದು. ಆಗ ಇನ್ನೂ ಹಿಂದಕ್ಕೆ ನೂಕದೆ, ಮುಂದಕ್ಕೆ ಎಳೆದು ನೇರಮಾಡಿಕೊಂಡು ಮತ್ತೆ ಸರಿಸತಕ್ಕದ್ದು.

ನಾಲ್ಕು ಗಾಲಿಯದರಲ್ಲಿ ಕ್ರಮವು ತಿರುವುಮುರುವು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಮೂಕಿಯು ಎಡಕ್ಕೆ ಹೋಗಿ, ಮುಂದಿನ ಅಚ್ಚು ಬಲಕ್ಕೆ ಸಾಗುವಂತೆ ತಿರುಗಿ, ಟ್ರೈಲರಿನ ಮುಂಭಾಗವನ್ನು ಬಲಕ್ಕೆ ಒಯ್ಯುತ್ತದೆ. ಬಾಲವು ಎಡಕ್ಕೆ ಹೊರಳುವುದು. ಎರಡು ಕಡೆ ಬಾಗಬೇಕಾದುದರಿಂದ ಈ ಫಲವು ತಡವಾಗಿ ಕಾಣುವುದು. ಕಂಡಾಗ ತಿದ್ದುವ ಸಮಯ ಮೀರಿರುವುದು. ಎರಡು ಗಾಲಿಯದರಲ್ಲಿ ಪಳಗಿದ ಚಾಲಕನು ನಾಲ್ಕು ಗಾಲಿಯದರ ಮುಂದೆ ತಬ್ಬಿಬ್ಬಾಗುವುದಕ್ಕೆ ಇದೇ ಕಾರಣ. ಅದನ್ನು ಅವನ ಅಸಡ್ಡೆಯೆಂದು ತಿಳಿಯಬಾರದು. ಬಯಲಿನಲ್ಲಿ ಖಾಲಿ ಟ್ರೈಲರಿನೊಡನೆ ಅಭ್ಯಾಸಮಾಡಿಸಿದ ಹೊರತು ಹೇರು ತುಂಬಿದ ಟ್ರೈಲರನ್ನು ಅವನಿಗೆ ಒಪ್ಪಿಸಬಾರದು. ಕಬ್ಬಿನ ಸಾಗಣೆಯಲ್ಲಿ ಒಂದರ ಹಿಂದೊಂದು ಕಟ್ಟಿದ ಎರಡು ಟ್ರೈಲರುಗಳನ್ನಂತೂ ಹಿಂದಕ್ಕೆ ಸರಿಸಲು ಯತ್ನಿಸದೆ, ಕಳಚಿ ಒಂದೊಂದಾಗಿ ಸರಿಸುವುದೇ ಸರಿ.

ಯಾವ ಪ್ರದೇಶಕ್ಕೆ ಯಾವುದು

೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ಮುಂದೆ ಹೊನ್ನಾಳಿಯಿಂದ ನ್ಯಾಮತಿ ತಾಲ್ಲೂಕು ಬೇರ್ಪಟ್ಟಿತು. ಜಿಲ್ಲೆ ಒಂದೇ ಆದರೂ ಭೂಮಿ ಒಂದೇ ಬಗೆಯದಲ್ಲ. ಚನ್ನಗಿರಿಯ ಅಡಿಕೆ ತೋಟಗಳ ಇಕ್ಕಟ್ಟಾದ ಹಾದಿಗಳಲ್ಲಿಯೂ, ಹೊನ್ನಾಳಿಯ ಗದ್ದೆಬಯಲುಗಳ ನಾಲೆಯ ಏರಿಗಳ ಮೇಲೆಯೂ ಹೋದ ದಾರಿಯಲ್ಲೇ ಹಿಂದಕ್ಕೆ ಬರಬೇಕಾಗುವುದುಂಟು. ಇಂಥಲ್ಲಿ ಎರಡು ಗಾಲಿಯದೇ ಯೋಗ್ಯ. ಜಗಳೂರಿನ ಬಯಲು ಹೊಲಗಳಲ್ಲಿ ಮೆಕ್ಕೆಜೋಳ, ಶೇಂಗಾಗಳನ್ನು ತುಂಬಿ ದೂರದ ಪೇಟೆಗೆ ಒಯ್ಯುವವರಿಗೆ, ಸುತ್ತಿ ತಿರುಗಲು ಸ್ಥಳವಿರುವುದರಿಂದ, ನಾಲ್ಕು ಗಾಲಿಯದು ಲಾಭಕರವಾಗಬಹುದು. ನ್ಯಾಮತಿಯ ಕಡೆ ತೋಟವೂ ಮೆಕ್ಕೆಜೋಳದ ಹೊಲವೂ ಎರಡೂ ಇರುವ ಹಿಡುವಳಿದಾರರು ಒಂದನ್ನೇ ಕೊಳ್ಳುವುದಾದರೆ ಅತ್ಯಂತ ಇಕ್ಕಟ್ಟಾದ ಹಾದಿಯನ್ನು ಅಳೆದು ನಿರ್ಧರಿಸುವುದು ಲೇಸು.

ಗಮನಿಸತಕ್ಕ ಅಂಶಗಳು

೧. ಕಣಕ್ಕೂ ಗೋದಾಮಿಗೂ ಒಳಬರಲು ಒಂದು, ಹೊರಹೋಗಲು ಒಂದು, ಹೀಗೆ ಎರಡು ಬಾಗಿಲುಗಳನ್ನು ಬಿಟ್ಟರೆ ಹಿಂದಕ್ಕೆ ಸರಿಸುವ ಪ್ರಮೇಯವೇ ಬಹುಮಟ್ಟಿಗೆ ತಪ್ಪುವುದು. ಇದಕ್ಕೆ ತಗಲುವ ಖರ್ಚು ಅತ್ಯಲ್ಪ.

೨. ಹಿಂದಕ್ಕೆ ಸರಿಸುವಾಗ ಚಾಲಕನಿಗೆ ಕಾಣುವಂತೆ ಪಕ್ಕದಲ್ಲಿ ಒಬ್ಬ ಆಳು ನಿಂತು ಸನ್ನೆ ಮಾಡತಕ್ಕದ್ದು. ಆ ಆಳು ಕಣ್ಮರೆಯಾದರೆ ಚಾಲಕನು ಕೂಡಲೇ ನಿಲ್ಲಿಸತಕ್ಕದ್ದು. ಟ್ರೈಲರಿನ ಹಿಂದೆಯೂ, ಟ್ರ್ಯಾಕ್ಟರು ಟ್ರೈಲರುಗಳ ನಡುವೆಯೂ ಯಾರೂ ಇರಬಾರದು.

೩. ಎರಡು ಗಾಲಿಯದನ್ನು ಕಳಚುವ ಮುನ್ನ ಮೂಕಿಗೆ ಊರೆಕೊಟ್ಟು, ಗಾಲಿಗಳಿಗೆ ಕಲ್ಲು ಇಡತಕ್ಕದ್ದು. ನಾಲ್ಕು ಗಾಲಿಯದಕ್ಕೂ ಕಲ್ಲು ತಪ್ಪದು.

೪. ನಾಲೆಯ ಏರಿಯ ಮೇಲೆ ಹಿಂದಕ್ಕೆ ಸರಿಸಲೇಬೇಕಾದರೆ ಅಂಚಿನಲ್ಲಿ ದಪ್ಪ ಕಲ್ಲುಗಳನ್ನು ಗುರುತಾಗಿ ನೆಡಿಸತಕ್ಕದ್ದು.

೫. ಟ್ರೈಲರಿನ ಹಿಂಭಾಗಕ್ಕೆ ಕೆಂಪು ದೀಪವನ್ನೂ ಬೆಳಕನ್ನು ಮರಳಿಸುವ ಪಟ್ಟಿಗಳನ್ನೂ ಹಚ್ಚಿಸತಕ್ಕದ್ದು. ಟ್ರೈಲರು ಸರಕಿನ ಗಾಡಿ. ಅದರಲ್ಲಿ ಕೂಲಿಯಾಳುಗಳನ್ನಾಗಲಿ ಮದುವೆಯ ದಿಬ್ಬಣವನ್ನಾಗಲಿ ಕೂರಿಸಬಾರದು.

ಸುಗ್ಗಿಗೆ ಮುಂಚೆಯೇ ಗ್ರಾಮದ ಮುಖಂಡರು ತಮ್ಮೂರಿನ ಕಣಗಳ ಬಾಗಿಲುಗಳನ್ನೂ ನಾಲೆಯ ಏರಿಗಳನ್ನೂ ಒಮ್ಮೆ ನಡೆದು ನೋಡಿ, ಈ ಏರ್ಪಾಡುಗಳನ್ನು ಮಾಡಿಸಿದರೆ ಊರಿನ ಜನರ ಪ್ರಾಣವೂ ಪೈರೂ ಸುರಕ್ಷಿತವಾಗಿರುವುವು.